ಪೆರೂಜಾದಲ್ಲಿ ಭಾಷೆ ಕಲಿಯುವುದೆಂದರೆ



ಇಟಲಿಯ ಉಂಬ್ರಿಯಾ ಪ್ರಾಂತದ ಪೆರೂಜಾ, ಬೆಟ್ಟದ ಮೇಲಿನ ಪ್ರಾಚೀನ ನಗರ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಎತ್ರುಸ್ಕನ್ ಹೆಬ್ಬಾಗಿಲಿನ ಎದುರಿಗೆ, ಗಲೆಂಗಾ ಅರಮನೆಯಲ್ಲಿ, ವಿದೇಶೀಯರ ವಿಶ್ವವಿದ್ಯಾಲಯವಿದೆ. ಇಟಾಲಿಯನ್ ಕಲಿಯಲು ಜಗತ್ತಿನ ನಾನಾ ಕಡೆಗಳಿಂದ ಬರುವವರು ಬೆಳಿಗ್ಗೆ ತರಗತಿಯಲ್ಲಿ ಕಲಿತ ವಾಕ್ಯವನ್ನು ಸಂಜೆ ಕೊರ್ಸೊ ವನ್ನೂಚಿ ಬೀದಿಯಲ್ಲಿ ಆಡಿ ನೋಡುತ್ತಾರೆ.

ಆ ಬೀದಿಯಲ್ಲಿರುವ ಪ್ರಿಯೋರಿ ಅರಮನೆಯ ಗಂಟೆಗೋಪುರವನ್ನು ಕಾಯುತ್ತಿದ್ದ ನೌಕರನ ಮಗ ಆಲ್ಡೊ ಕಪಿತೀನಿ (1899–1968). ಗಾಂಧಿಯವರ ಅಹಿಂಸೆಯನ್ನು ಒಪ್ಪಿಕೊಂಡ ಈ ಚಿಂತಕ ಫ್ಯಾಸಿಸ್ಟ್ ಪಕ್ಷದ ಸದಸ್ಯತ್ವವನ್ನು ನಿರಾಕರಿಸಿ, 1933ರಲ್ಲಿ ಪೀಸಾದಲ್ಲಿದ್ದ ಉದ್ಯೋಗವನ್ನು ಕಳೆದುಕೊಂಡರು. 1944ರ ಜೂನ್‌ನಲ್ಲಿ ಪೆರೂಜಾ ವಿಮೋಚನೆಗೊಂಡ ಬಳಿಕ ವಿದೇಶೀಯರ ವಿಶ್ವವಿದ್ಯಾಲಯದ ಆಡಳಿತ ಅವರ ಪಾಲಿಗೆ ಬಂತು. ಅದೇ ಜುಲೈನಲ್ಲಿ ಅವರು ಎಲ್ಲರಿಗೂ ತೆರೆದ ಸಾರ್ವಜನಿಕ ಸಭೆಗಳನ್ನು ಆರಂಭಿಸಿದರು. ಅಧಿಕಾರಿಗಳು ಅಲ್ಲಿಗೆ ಬಂದು ಜನಸಾಮಾನ್ಯರ ಪ್ರಶ್ನೆಗಳನ್ನು ಎದುರಿಸಬೇಕಿತ್ತು. ಕೇಳುವುದು ಮತ್ತು ಮಾತನಾಡುವುದು: ಇವೆರಡೇ ಆ ಸಭೆಗಳ ನಿಯಮ.

ಈಗಿನ ಇಟಲಿಗೆ ಬರೋಣ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರು ದೀರ್ಘಾವಧಿ ವಾಸದ ಪರವಾನಗಿ ಪಡೆಯಲು 2010ರಿಂದ ಎ2 ಮಟ್ಟದ ಭಾಷಾಜ್ಞಾನ ಬೇಕು. ವಾಸ ಅಥವಾ ವಿವಾಹದ ಆಧಾರದ ಮೇಲೆ ಪೌರತ್ವ ಕೋರಲು 2018ರಿಂದ ಬಿ1 ಬೇಕು. ಅಂಥ ಪ್ರಮಾಣಪತ್ರ ನೀಡುವ ಸಂಸ್ಥೆಗಳಲ್ಲಿ ಪೆರೂಜಾದ್ದೂ ಒಂದು. ಒಂದೇ ವ್ಯಾಕರಣವನ್ನು ರಜೆಯಲ್ಲಿ ಬಂದ ವಿದ್ಯಾರ್ಥಿ ಸಂತೋಷಕ್ಕಾಗಿ ಕಲಿಯುತ್ತಾನೆ. ಮುದುಕರ ಆರೈಕೆಯಲ್ಲಿ ರಾತ್ರಿ ಕಳೆದ ವಲಸೆಗಾರ್ತಿ ಕಾನೂನಿಗಾಗಿ ಕಲಿಯುತ್ತಾಳೆ.

ಕಲಿಕೆಯನ್ನು ನಾನು ವಿರೋಧಿಸುತ್ತಿಲ್ಲ. ತನ್ನ ಕೆಲಸದ ಕರಾರನ್ನು ತಾನೇ ಓದಬಲ್ಲವಳು ಕೂಲಿಗಾಗಿ ವಾದಿಸಬಲ್ಲಳು. ಆದರೆ ಪರೀಕ್ಷೆ ಅಳೆಯುವುದು ಬಂದವಳ ಮಾತನ್ನು ಮಾತ್ರ. ಅವಳ ತಡವರಿಕೆಯ ಇಟಾಲಿಯನ್ನನ್ನು ಕಚೇರಿಯ ಗುಮಾಸ್ತ ಸಹನೆಯಿಂದ ಕೇಳಿಸಿಕೊಂಡನೇ ಎಂಬುದಕ್ಕೆ ಅಂಕಗಳಿಲ್ಲ.

ಈ ಪ್ರಶ್ನೆ ನಮ್ಮದೂ ಹೌದು. ಜರ್ಮನಿ, ಬ್ರಿಟನ್ನುಗಳಲ್ಲಿ ನಮ್ಮವರು ಇಂಥದೇ ಪರೀಕ್ಷೆಗಳಿಗೆ ಕೂರುತ್ತಾರೆ; ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದೂ ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದುದೇ. ಆದರೆ ಕಟ್ಟಡ ಕಾರ್ಮಿಕನಿಗೆ ಕನ್ನಡ ಕಲಿಸುವ ಸಂಜೆಶಾಲೆ ಎಲ್ಲಿದೆ, ಅವನ ಅರೆಗನ್ನಡವನ್ನು ನಗದೆ ಕೇಳುವವರು ಎಷ್ಟು ಜನ ಎಂದೂ ನಾವು ಕೇಳಿಕೊಳ್ಳಬೇಕು. ಕಪಿತೀನಿಯವರ ನಿಯಮದಲ್ಲಿ ಕೇಳುವ ಕೆಲಸ ಮೊದಲೇ ಅಲ್ಲಿದ್ದವರಿಗೂ ಸೇರಿದ್ದು.