ಪೆನ್ಸಿಲಿನ ಗೆರೆಯೊಳಗಿನ ಮನೆಗಳು



ಬಣ್ಣದ ಡಬ್ಬಿಯ ತಳಕ್ಕೆ ತೂತು ಹೊಡೆದು, ಅದನ್ನು ಕೈಯಲ್ಲಿ ಹಿಡಿದು ಬೀದಿಬೀದಿ ನಡೆಯುವವನನ್ನು ಕಂಡರೆ ನಾವು ಹುಚ್ಚನೆಂದೇವು. 2004ರಲ್ಲಿ ಜೆರೂಸಲೇಮಿನಲ್ಲಿ ಫ್ರಾನ್ಸಿಸ್ ಆಲಿಸ್ ಹೀಗೆಯೇ ನಡೆದರು. ಹುಟ್ಟಿದ್ದು ಬೆಲ್ಜಿಯಂ, ನೆಲೆಸಿದ್ದು ಮೆಕ್ಸಿಕೊ. ದೇಶದೇಶ ತಿರುಗಿ ನಡಿಗೆಯನ್ನೇ ಕಲೆ ಮಾಡಿಕೊಂಡವರು. 58 ಲೀಟರ್ ಹಸಿರು ಬಣ್ಣ, 24 ಕಿಲೋಮೀಟರ್ ಗೆರೆ.

ಆ ಗೆರೆ ಅವರದಲ್ಲ. 1948ರ ಯುದ್ಧದಲ್ಲಿ ಕದನ ನಿಲ್ಲಿಸುವ ಮಾತಿಗೆ ಕುಳಿತಾಗ ಇಸ್ರೇಲಿನ ಮೋಶೆ ದಯಾನ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದದ್ದು. ಆ ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 20 ಮೀಟರ್. ಪೆನ್ಸಿಲು ಮೊಂಡು; ಗೆರೆ ಮೂರು ನಾಲ್ಕು ಮಿಲಿಮೀಟರ್ ದಪ್ಪ. ಹಾಗಾದರೆ ಗೆರೆಯ ಹೊಟ್ಟೆಯೊಳಗೆ ಸಿಕ್ಕಿದ 60–80 ಮೀಟರಿನ ಮನೆ, ಅಂಗಡಿ, ಬೀದಿ ಯಾರವು? ನಾವು ಮೇಷ್ಟರಾಗಿದ್ದಾಗ ಗಡಿಯನ್ನು ದಪ್ಪವಾಗಿ ಎಳೆಯಿರೆಂದು ಹುಡುಗರಿಗೆ ಹೇಳುತ್ತಿದ್ದೆವು. ಈ ಲೆಕ್ಕ ಆಗ ನಮಗೆ ಹೊಳೆಯಲಿಲ್ಲ.

1967ರಲ್ಲಿ ಇಸ್ರೇಲ್ ಪೂರ್ವದ ಭಾಗವನ್ನೂ ಹಿಡಿಯಿತು. ಗೆರೆ ನೆಲದ ಮೇಲೆ ಮಾಸಿತು; ಪ್ಯಾಲೆಸ್ತೀನಿಯರ ಬಾಳಿನಿಂದ ಮಾಸಲಿಲ್ಲ. ಮಾಸಿದ್ದನ್ನು ಆಲಿಸ್ ಹಾಡುಹಗಲಲ್ಲಿ ಮತ್ತೆ ಕಾಣಿಸಿದರು. ಘೋಷಣೆಯಿಲ್ಲ, ಬಾವುಟವಿಲ್ಲ.

ಬಣ್ಣ ಸುರಿದರೆ ಯಾರ ಮನೆ ಯಾರಿಗೆ ಬಂತು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಯಾರಿಗೂ ಬರಲಿಲ್ಲ. ಆದರೆ ಅವರು ಆ ಪ್ರಶ್ನೆಗೆ ಹೆದರಿ ಅಡಗಲಿಲ್ಲ. ನಡಿಗೆಯ ಚಿತ್ರವನ್ನು ಪ್ಯಾಲೆಸ್ತೀನಿಯರಿಗೂ ಇಸ್ರೇಲಿಗರಿಗೂ ತೋರಿಸಿ, ಅವರಾಡಿದ ಮಾತನ್ನು ಚಿತ್ರದ ಜೊತೆಯಲ್ಲೇ ಇಟ್ಟರು. ನಮ್ಮ ಭಾಷಣಕ್ಕೆ ಬಂದ ಟೀಕೆಯನ್ನು ಭಾಷಣದ ಪಕ್ಕದಲ್ಲೇ ಅಚ್ಚು ಹಾಕಿಸುವ ಧೈರ್ಯ ನಮಗಂತೂ ಇದುವರೆಗೆ ಬಂದಿಲ್ಲ.