ಉದ್ರಿ ಪುಸ್ತಕದೊಳಗಿನ ಕತೆ

ಬರೆಯುವ ಆಸೆಯೇನೋ ಇದೆ, ಬರೆಯುವಂಥದ್ದು ನಮ್ಮ ಬದುಕಿನಲ್ಲಿ ಏನೂ ನಡೆದಿಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. ಅಂಥವರಿಗೆ ನಾನು ರಷ್ಯದ ಕತೆಗಾರ ಆಂಟನ್ ಚೆಕಾವ್‌ನನ್ನು ನೆನಪಿಸುತ್ತೇನೆ. ಕತೆ ಬರೆಯುವ ಬಗೆಯ ಮಾತು ಬಂದಾಗ ಆತ ಮೇಜಿನತ್ತ ಕಣ್ಣಾಡಿಸಿ, ಮೊದಲು ಕಂಡ ಆಶ್‌ಟ್ರೇಯನ್ನು ಎತ್ತಿ ಮುಂದಿಟ್ಟು, ಬೇಕಾದರೆ ನಾಳೆಗೇ ಇದರ ಮೇಲೊಂದು ಕತೆ ಸಿದ್ಧ ಎಂದನಂತೆ. ಎದುರಿಗಿದ್ದ ಲೇಖಕ ಕೊರೊಲೆಂಕೊ ಇದನ್ನು ಬರೆದಿಟ್ಟಿದ್ದಾನೆ.

ಅದು ಬರೀ ಜಂಬದ ಮಾತಲ್ಲ. 1886ರಲ್ಲಿ ಅವನೇ ಬರೆದ ಒಂದು ಕತೆಯಲ್ಲಿ ಬಾಡಿಗೆ ಗಾಡಿಯ ಮುದುಕನೊಬ್ಬನಿದ್ದಾನೆ. ಮಗ ತೀರಿಹೋಗಿ ವಾರವೂ ಆಗಿಲ್ಲ. ಹತ್ತುವವರಿಗೆಲ್ಲ ಅದನ್ನು ಹೇಳಲು ಬಾಯಿ ತೆರೆಯುತ್ತಾನೆ. ಕೇಳುವ ವ್ಯವಧಾನ ಯಾರಿಗೂ ಇಲ್ಲ. ಕೊನೆಗೆ ಲಾಯದಲ್ಲಿ ಹುಲ್ಲು ಮೆಲ್ಲುತ್ತಿರುವ ಕುದುರೆಗೆ ಹೇಳಿಕೊಳ್ಳುತ್ತಾನೆ. ಇಂಥ ಗಾಡಿಯವರನ್ನು ಊರಿನವರು ದಿನವೂ ನೋಡುತ್ತಿದ್ದರು. ಇವನಿಗೆ ಹೇಳಲು ಏನೋ ಇದೆ ಎಂದು ಕಂಡದ್ದು ಚೆಕಾವ್‌ನಿಗೆ.

ನಮ್ಮ ಕತೆಗಾರ ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದವರಿಗೆ ಅದರ ಇರುವೆಗಳು ನೆನಪಿರಬೇಕು. ಇಕ್ಕಟ್ಟಾದ ಮನೆ, ಎಲ್ಲಿ ನೋಡಿದರೂ ಇರುವೆಯ ಸಾಲು. ಇರುವೆಯ ಕಾಟ ಯಾರ ಮನೆಯಲ್ಲಿಲ್ಲ? ಆದರೆ ಅವುಗಳ ಮೇಲೆ ಆ ಮನೆಯವರು ತೀರಿಸಿಕೊಳ್ಳುವ ಸಿಟ್ಟನ್ನು ಓದುವಾಗ, ಇದೇ ಕೈ ನಾಳೆ ಮನುಷ್ಯರ ಮೇಲೂ ಏಳಬಹುದು ಎಂಬ ಅಂಜಿಕೆ ಮೆಲ್ಲಗೆ ಒಳಗಿಳಿಯುತ್ತದೆ. ಇರುವೆಯಷ್ಟನ್ನೇ ವರ್ಣಿಸಿದ್ದರೆ ಆ ಅಂಜಿಕೆ ಹುಟ್ಟುತ್ತಿರಲಿಲ್ಲ.

ಹಾಗಾಗಿ, ಸುತ್ತ ಕಂಡದ್ದನ್ನೆಲ್ಲ ಗುರುತು ಹಾಕಿಕೊಳ್ಳಿ ಎಂಬ ಸಲಹೆ ನನಗೆ ಅರ್ಧವೆನಿಸುತ್ತದೆ. ಕಂಡ ವಸ್ತುವಿನಿಂದ ಯಾರಿಗೆ ಏನು ಕಷ್ಟ, ಯಾರಿಗೆ ಏನಾಸೆ ಎಂದು ಕೇಳಿಕೊಳ್ಳಬೇಕು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಎಣ್ಣೆ ಮೆತ್ತಿದ ರಟ್ಟು, ದಾರ ಕಟ್ಟಿದ ಪೆನ್ನು. ಒಂದು ಪುಟದಲ್ಲಿ ಅಕ್ಕಿ, ಬೇಳೆ, ಸೋಪು ಎಂದು ಸಾಲಾಗಿ ಬರೆದದ್ದು ಒಂದು ದಿನ ಥಟ್ಟನೆ ನಿಂತಿದೆ. ಕೊನೆಯ ಸಾಲಿನಲ್ಲಿ ಮಗುವಿನ ಬಿಸ್ಕತ್ತು. ಬಾಕಿ ಹಾಗೇ ಇದೆ. ಆ ಮನೆಯವರು ಊರು ಬಿಟ್ಟರೋ, ಮುಖ ತಪ್ಪಿಸಿ ಬೇರೆ ಅಂಗಡಿಗೆ ಹೋಗುತ್ತಿದ್ದಾರೋ? ಇದನ್ನು ಯಾರ ಕಡೆಯಿಂದ ಬರೆಯಬೇಕು ಎಂಬುದು ಮೊದಲ ತೀರ್ಮಾನ. ನಾನಾದರೆ ಅಂಗಡಿಯವನ ಕಡೆಯಿಂದ ಬರೆಯುತ್ತೇನೆ. ಅವನಿಗೆ ಕೇಳಲು ಸಂಕೋಚ, ಬಿಟ್ಟರೆ ನಷ್ಟ. ಜೊತೆಗೆ ಆ ಮಗುವಿನ ಹೆಸರು ಅವನಿಗೆ ಗೊತ್ತು.