ಬ್ಯಾಂಕಿನ ಹೆಸರಿನಲ್ಲಿ ಬರುವ ಕಳ್ಳ ಪತ್ರ



ಸಂಘದ ಖಾತೆಯಿಂದ ಹಣ ತೆಗೆಯಬೇಕಾದರೆ ನಾವು ಸಭೆಯಲ್ಲಿ ಠರಾವು ಬರೆಯುತ್ತೇವೆ, ಪ್ರತಿನಿಧಿಗಳು ಸಹಿ ಹಾಕುತ್ತಾರೆ. ಆದರೆ ಕೂಲಿ, ಹಾಲಿನ ಹಣ, ಗೃಹಲಕ್ಷ್ಮಿ ಹಣ ಬರುವ ನಿಮ್ಮ ಸ್ವಂತ ಖಾತೆಗೆ ಈ ಕಾವಲು ಇಲ್ಲ. ಮೊಬೈಲಿನಲ್ಲಿ ಒಂದು ಬೆರಳು ಒತ್ತಿದರೆ ಸಾಕು. ಕಳ್ಳರು ಕಾಯುವುದು ಆ ಬೆರಳಿಗೇ.

“ಇಂದು ಸಂಜೆಯೊಳಗೆ ಕೆವೈಸಿ ಮಾಡಿಸದಿದ್ದರೆ ನಿಮ್ಮ ಖಾತೆ ಬಂದ್” ಎಂದು ಇಮೇಲ್ ಬರುತ್ತದೆ. ಮೇಲೆ ಬ್ಯಾಂಕಿನ ಹೆಸರು, ಗುರುತು ಎಲ್ಲಾ ಇರುತ್ತದೆ. ಕೆಳಗೆ ಒತ್ತಲು ಒಂದು ಲಿಂಕ್. ಒತ್ತಿದರೆ ಬ್ಯಾಂಕಿನದೇ ಅನ್ನಿಸುವ ಪುಟ ತೆರೆಯುತ್ತದೆ. ಅಲ್ಲಿ ನೀವು ಬರೆದ ಪಾಸ್‌ವರ್ಡ್, ಒಟಿಪಿ ನೇರ ಕಳ್ಳನ ಕೈಗೆ.

ಗುರುತಿಸುವುದು ಹೇಗೆ? ಮೊದಲು ಅವಸರ ನೋಡಿ. ಹೆದರಿಸಿ ಅವಸರ ಮಾಡುವ ಪತ್ರವನ್ನು ನಂಬಬೇಡಿ. ಎರಡನೆಯದು, ಕಳುಹಿಸಿದವರ ಹೆಸರು. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಲ್ಲವೇ? ಇಲ್ಲೂ ಹಾಗೆಯೇ. ಮೂರನೆಯದು, ವೆಬ್‌ಸೈಟ್ ವಿಳಾಸ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ವಿಳಾಸದ ನಡುವೆ ಬ್ಯಾಂಕಿನ ಹೆಸರಿದ್ದು ಕೊನೆ ಬೇರೆ ಇದ್ದರೆ ಅನುಮಾನಿಸಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಒಟಿಪಿ, ಪಿನ್, ಪಾಸ್‌ವರ್ಡ್ ಹೇಳಿ ಎಂದು ಯಾವ ಬ್ಯಾಂಕೂ ಕೇಳುವುದಿಲ್ಲ. ಮ್ಯಾನೇಜರ್ ಅಂತ ಹೇಳಿಕೊಂಡರೂ ಕೊಡಬೇಡಿ.

ಇಂಥ ಪತ್ರ ಬಂದರೆ ಲಿಂಕ್ ಒತ್ತಬೇಡಿ, ಅದರಲ್ಲಿರುವ ನಂಬರಿಗೂ ಫೋನ್ ಮಾಡಬೇಡಿ. ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ ಕೇಳಿ. ಅದಕ್ಕೂ ಮೊದಲು ಸಂಘದ ಇನ್ನೊಬ್ಬ ಸದಸ್ಯೆಗೆ ತೋರಿಸಿ. ಸಂಘದ ಹಣಕ್ಕೆ ಇರುವ ಎರಡನೇ ಸಹಿ ಇದ್ದ ಹಾಗೆ ಅದು.

ಒಂದು ವೇಳೆ ಹಣ ಹೋಗಿಬಿಟ್ಟರೆ? ಮನೆಯಲ್ಲಿ ಬೈತಾರೆ, ಊರಲ್ಲಿ ನಗ್ತಾರೆ ಅಂತ ಮುಚ್ಚಿಡಬೇಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಸುತ್ತಾರೆ. ಅಷ್ಟರೊಳಗೆ ತಿಳಿಸಿದರೆ ತಡೆಯುವ ಅವಕಾಶ ಇರುತ್ತದೆ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ ಖಾತೆ ತಡೆಹಿಡಿಸಿ. ಮೋಸ ಹೋದವಳನ್ನು ದೂರಬೇಡಿ, ಜೊತೆಗೆ ಹೋಗಿ ದೂರು ಕೊಡಿಸಿ.

ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ 1930 ಎಂದು ದೊಡ್ಡದಾಗಿ ಬರೆದಿಡಿ. ಓದಲು ಬಾರದ ಸದಸ್ಯೆಯರಿಗೆ ಬಾಯಿಪಾಠ ಮಾಡಿಸಿ.